ಬರಿಗೈ ತಾಗಿದ ಬ್ಲೇಡು

ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗನ್ನಕ್ಕ ಎನ್ನುತ್ತಿದ್ದರು. ಗನ್ ಎಂದರೆ ಗುಂಡು ಹಾರಿಸುವುದಲ್ಲ. ಲೋಹದ ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಟರ್ಬೈನ್ ಬ್ಲೇಡುಗಳ ಮೇಲೆ ಎರಚುವ ಸಲಕರಣೆ. ಕೆಂಪಗೆ ಕಾದ ಬ್ಲೇಡನ್ನು ಗಾಳಿ ತಿಂದುಹಾಕದಂತೆ ಕಾಯುವುದು ಆ ತೆಳು ಲೇಪ. ಹದಿನಾರು ವರ್ಷ ಅದನ್ನೇ ಹೊಡೆದವಳನ್ನು ಆಫೀಸಿನವರು ‘ಪೇಂಟ್ ಹೊಡೆಯೋ ಹೆಂಗಸು’ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು?

ಲೇಪ ಹಿಡಿಯಬೇಕಾದರೆ ಮೊದಲು ಮರಳಿನಂಥ ಸಣ್ಣ ಹರಳು ಹೊಡೆದು ಬ್ಲೇಡಿನ ಮೈಯನ್ನು ತರಿತರಿ ಮಾಡಬೇಕು. ಆಮೇಲೆ ಬರಿಗೈ ತಾಗಕೂಡದು. ಬೆರಳಿನ ಜಿಡ್ಡು ಅಂಟಿದ ಕಡೆ ಲೇಪ ಸಿಪ್ಪೆಯಂತೆ ಎದ್ದುಬರುತ್ತದೆ. ಎರಡು ವರ್ಷದ ಹಿಂದೆ ಲೇಪ ಹಾಗೆ ಎದ್ದು ಒಂದು ಲಾಟು ಬ್ಲೇಡುಗಳು ಪೂರ್ತಿ ವಾಪಸ್ ಬಂದಿದ್ದವು. ಮುಟ್ಟಿದವರು ಯಾರೆಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಇವಳ ಗನ್ ಕಿತ್ತುಕೊಂಡು ಆರು ತಿಂಗಳು ಪ್ಯಾಕಿಂಗಿಗೆ ತಳ್ಳಿದರು. ಇನ್ನೊಮ್ಮೆ ಹೀಗಾದರೆ ಗನ್ ಆಸೆ ಬಿಟ್ಟುಬಿಡು ಎಂದೂ ಹೇಳಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನರು ಅತಿಥಿಗಳ ದಂಡು ಕಟ್ಟಿಕೊಂಡು ಬಂದರು. ಹರಳು ಹೊಡೆದ ನಲವತ್ತು ಬ್ಲೇಡುಗಳು ಮೇಜಿನ ಮೇಲಿದ್ದವು. ಒಂದನ್ನು ಬರಿಗೈಯಲ್ಲಿ ಎತ್ತಿ ಹಿಡಿದು ಯಜಮಾನರು ಫೋಟೋಗೆ ನಿಂತರು. ಅತಿಥಿಗಳೂ ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡಿದರು.

“ಸರ್, ಗ್ಲೌಸು” ಎಂದಳು ಗನ್ನಕ್ಕ. ಯಜಮಾನರಿಗೆ ಕೇಳಿಸಲಿಲ್ಲ. ಅಂಥವರಿಗೆ ಬೇಕಾದಾಗ ಮಾತ್ರ ಕಿವಿ.

ಅವರು ಅತ್ತ ಹೋದ ಮೇಲೆ ಮೇಸ್ತ್ರಿ ಬಂದ. “ಬಟ್ಟೇಲಿ ಒರೆಸಿ ಹೊಡೆದುಬಿಡಕ್ಕ. ನಾಳೆ ಕಳಿಸ್ಬೇಕು.”

“ಎದ್ದು ಬಂದ್ರೆ ಯಾರ ತಲೆಗೆ ಕಟ್ತೀಯ?”

ಮೇಸ್ತ್ರಿ ತಲೆ ಕೆರೆದುಕೊಂಡ.

ಯಜಮಾನರು ಫೋಟೋಗೆಂದು ಹಿಡಿದದ್ದು ಪ್ರತಿ ಲಾಟಿನ ಜೊತೆ ಪರೀಕ್ಷೆಗೆ ಇಡುವ ರದ್ದಿ ಬ್ಲೇಡು. ಗನ್ನಕ್ಕ ಅದೊಂದನ್ನೇ ಬಟ್ಟೆಯಲ್ಲಿ ಒರೆಸಿ, ಲೇಪ ಹೊಡೆದು ಪರೀಕ್ಷೆಯ ಕುಲುಮೆಗೆ ಹಾಕಿದಳು. ಉಳಿದವಕ್ಕೆ ಗನ್ ಎತ್ತಲಿಲ್ಲ.

“ನಿನಗ್ಯಾಕೆ ಊರ ಉಸಾಬರಿ? ಹೇಳಿದಷ್ಟು ಮಾಡಬಾರ್ದಾ?” ಎಂದ ಆ ರಾತ್ರಿ ಮನೆಯಲ್ಲಿ ವಿಷಯ ಕೇಳಿದ ಗಂಡ.

ಅತ್ತೆ ಸೊಸೆಯ ಪರ ನಿಂತರು. “ನೀನು ಸುಮ್ನಿರೋ. ಕಲಾಯಿ ಹಾಕೋನೂ ಉಜ್ಜಿದ ಪಾತ್ರೆ ಮುಟ್ಟೋಕೆ ಬಿಡಲ್ಲ.”

ಮರುದಿನ ಬ್ಲೇಡು ಕುಲುಮೆಯಿಂದ ಹೊರಬಂತು. ಒಂದು ಬದಿಯಲ್ಲಿ ನಾಲ್ಕು ಬೆರಳಿನ ಗುರುತು, ಇನ್ನೊಂದು ಬದಿಯಲ್ಲಿ ಹೆಬ್ಬೆರಳಿನದು. ಅಷ್ಟಗಲಕ್ಕೆ ಲೇಪ ಕಿತ್ತು ಒಳಗಿನ ಲೋಹ ಕಪ್ಪಾಗಿತ್ತು. ಆರಿದ ಮೇಲೆ ಅದನ್ನು ಒಯ್ದು ಯಜಮಾನರ ಮೇಜಿನ ಮೇಲಿಟ್ಟಳು. ಮೇಸ್ತ್ರಿಯೂ ಹಿಂದೆಯೇ ಓಡಿಬಂದ.

ಯಜಮಾನರು ಕಿಡಿಕಿಡಿಯಾದರು. “ಯಾವ ಕತ್ತೆ ಮುಟ್ಟಿದ್ದು ಇದನ್ನ?”

“ಕೈ ಇಟ್ಟು ನೋಡಿ ಸರ್. ನಿನ್ನೆ ಫೋಟೋಗೆ ಹಿಡಿದ್ರಲ್ಲ, ಅದೇ ಬ್ಲೇಡು.”

ಅರ್ಧ ದಾರಿ ಬಂದ ಕೈ ಹಿಂದೆ ಸರಿದು ಜೇಬು ಸೇರಿತು. ಅವಳ ಮುಖ ನೋಡದೆ ಮೇಸ್ತ್ರಿಗೆ, “ಎಲ್ಲಾನೂ ಮತ್ತೆ ಹರಳು ಹೊಡೆಸು” ಎಂದರು.

ಗನ್ನಕ್ಕ ಬಾಗಿಲವರೆಗೆ ಹೋದಾಗ ಯಜಮಾನರು ಕರೆದರು. “ಇದನ್ನ ಇಲ್ಯಾಕೆ ಬಿಟ್ಟೆ? ತಗೊಂಡ್ಹೋಗು.”

“ನಿಮ್ಮ ಕೈಯದು ಸರ್, ನೀವೇ ಇಟ್ಕೊಳ್ಳಿ” ಎಂದು ಅವಳು ಕೆಲಸಕ್ಕೆ ಹೋದಳು.