ಅಕ್ಕ ಮಾಡಿದ ಹಲಗೆ

ಅಕ್ಕ ನನಗೆ ವಹಿಸಿದ್ದು ಎರಡೇ ಕೆಲಸ. ತುಮಕೂರಿಗೆ ಹೋಗಿ ಅರ್ಜಿ ಹಾಕಿಸಬೇಕು; ಅಲ್ಲಿಯವರೆಗೆ ಅವಳು ಮಾಡಿದ ಹಲಗೆಯನ್ನು ಯಾರಿಗೂ ತೋರಿಸಬಾರದು. ನಾನು ಅರ್ಜಿ ಹಾಕಿಸಲಿಲ್ಲ. ಹಲಗೆಯನ್ನು ಶಿರಾ ಪೇಟೆಗೆಲ್ಲ ತೋರಿಸಿದೆ. ಅಷ್ಟೇ ಆಗಿದ್ದರೆ ಉದಾಸೀನ ಅನ್ನಬಹುದಿತ್ತು. ಮಾಡಿದ್ದು ಯಾರು ಎಂದು ಕೇಳಿದಾಗ ನಾನೇ ಎಂದುಬಿಟ್ಟೆ.

ಅಕ್ಕನ ಮನೆ ದೊಡ್ಡೇರಿ ಕಡೆ. ಬಿತ್ತನೆಗೆ ಮುಂಚೆ ಅಲ್ಲಿ ಕಡಲೆಕಾಯಿಯನ್ನು ಕೈಯಲ್ಲೇ ಸುಲಿಯುತ್ತಾರೆ. ಮೆಷಿನ್ನಿಗೆ ಹಾಕಿದರೆ ಬೀಜದ ಕೆಂಪು ಸಿಪ್ಪೆ ಹರಿಯುತ್ತದೆ, ಹರಿದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಎದುರುಬದುರು ಕೂತು ಸುಲಿಯುತ್ತಿದ್ದೆವು. ಮೂರು ಬೀಜದ ಕಾಯಿ ಸಿಕ್ಕಿದರೆ ಅಕ್ಕ ಅದನ್ನು ಸುಲಿಯದೆ ನನ್ನ ಮಂಡಿಯ ಹತ್ತಿರ ಇಡುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಶಿರಾದ ವೆಲ್ಡಿಂಗ್ ಅಂಗಡಿ ಸೇರಿದ ಮೇಲೂ, ವರ್ಷಕ್ಕೊಮ್ಮೆ ಅಂಥ ಕಾಯಿಗಳನ್ನೇ ಆರಿಸಿ, ಹಳೇ ಬಟ್ಟೆಯಲ್ಲಿ ಗಂಟು ಕಟ್ಟಿ, ಶಿರಾಕ್ಕೆ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು.

ಸುಲಿದು ಸುಲಿದು ಅವಳ ಹೆಬ್ಬೆರಳು ಸೀಳಿಹೋಗಿತ್ತು. ಒಂದು ವರ್ಷ ಮರದ ಹಲಗೆಯೊಂದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದಳು. ಮೇಲೆ ಹಿಡಿಯಿರುವ ಇನ್ನೊಂದು ಹಲಗೆ ಇಟ್ಟು ಉಜ್ಜಿ ನೋಡಿದಳು. ಸರಿಬರಲಿಲ್ಲ, ಕಿತ್ತಳು, ಮತ್ತೆ ಹೊಡೆದಳು. ಎರಡು ಸುಗ್ಗಿ ಕಳೆದ ಮೇಲೆ ಕಾಯಿಯ ಹೊರಸಿಪ್ಪೆ ಒಡೆದು ಬೀಜ ಮಾತ್ರ ಹಾಗೇ ಉಳಿಯುವ ಅಳತೆ ಸಿಕ್ಕಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಆ ಅಳತೆಗೆ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟದ್ದಷ್ಟೇ ನನ್ನ ಕೆಲಸ.

ಆಮೇಲೆ ಮಧುಗಿರಿಯಲ್ಲಿ ಹೆಂಗಸರಿಗೆ ಒಂದು ತರಬೇತಿ ನಡೆಯಿತು. ಅಲ್ಲಿ ಕೇಳಿದ್ದನ್ನೆಲ್ಲ ಅಕ್ಕ ಫೋನಿನಲ್ಲಿ ಪಾಠದಂತೆ ಒಪ್ಪಿಸಿದಳು.

"ಚಿಕ್ಕಿ ಪೊಟ್ಟಣದ ಮೇಲೆ ಹೆಸರು, ಗುರುತು ಇರ್ತದಲ್ಲ, ಅದು ಟ್ರೇಡ್‌ಮಾರ್ಕು. ನಾವು ಬರ್ದಿದ್ದು, ಬಿಡ್ಸಿದ್ ಚಿತ್ರ ಕಾಪಿರೈಟು. ಅದು ಬರ್ದ ಗಳಿಗೆಯಿಂದ್ಲೇ ಬರ್ದೋರ್ದು. ಸಾಮಾನು ನೋಡಕ್ಕೆ ಹೆಂಗೈತೆ ಅನ್ನೋದು ಡಿಸೈನು. ಯಾರೂ ಮಾಡ್ದೇ ಇರೋ ಹೊಸ ವಿದ್ಯೆ ಕಂಡುಹಿಡುದ್ರೆ ಪೇಟೆಂಟು. ನಮ್ದು ಅದೇ ಕಣ್ಲಾ! ಅರ್ಜಿ ಹಾಕೋಗಂಟ ಯಾರ್ಗೂ ತೋರಿಸ್ಬ್ಯಾಡ. ಊರೆಲ್ಲ ನೋಡ್ಬುಟ್ರೆ ಅದು ಹೊಸ್ದಲ್ವಂತೆ."

ನೋಟ್‌ಬುಕ್ಕನ್ನೂ ಹಲಗೆಯನ್ನೂ, ನಾನು ಊರಿಗೆ ಹೋದಾಗ, ನನ್ನ ಕೈಗೆ ಕೊಟ್ಟಳು. ತುಮಕೂರಿನ ಬಸ್ಸು ಹತ್ತುವ ದಿನ, ಅವನ್ನು ಹಿಡಿದುಕೊಂಡೇ ಶಿರಾದ ಕಡಲೆಕಾಯಿ ಮಂಡಿಗೆ ಹೋದೆ. ಅಲ್ಲಿನ ಹಿರಿಯ ವ್ಯಾಪಾರಿಯೊಬ್ಬರ ಮುಂದೆ ಒಂದು ಹಿಡಿ ಕಾಯಿ ಉಜ್ಜಿ ತೋರಿಸಿದೆ.

"ಅರೆ ಭಾಯ್, ಒಂದು ಬೀಜಾನೂ ಹರ್ದಿಲ್ವಲ್ಲ! ಯಾರು ಮಾಡಿದ್ದು?"

ಸುತ್ತ ಜನ ಸೇರಿದರು. ಒಬ್ಬ ಫೋನು ಹಿಡಿದು ವಿಡಿಯೊ ಮಾಡತೊಡಗಿದ.

"ನಂದೇ ತಲೆ," ಎಂದೆ.

"ಗೇಟು ಮಾಡೋನು ಅಂದ್ಕೊಂಡಿದ್ವಿ, ಇಂಜಿನಿಯರ್ ಕಣಯ್ಯಾ ನೀನು!"

ಅಂಥ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆ ದಿನ ಬಸ್ಸು ಹತ್ತಲಿಲ್ಲ. ಮರುದಿನವೂ ಮಂಡಿಗೇ ಹೋದೆ.

ಕೆಲವೇ ವಾರಗಳಲ್ಲಿ ಗೌಡಗೆರೆಯಿಂದ ಪಾವಗಡದವರೆಗೆ ಅಂಗಡಿ ಅಂಗಡಿಯಲ್ಲೂ ಅಂಥದೇ ಹಲಗೆ. ಹೆದರಿಕೊಂಡು ತುಮಕೂರಿಗೆ ಓಡಿದೆ. ಅಲ್ಲಿ ಅರ್ಜಿ ಬರೆಯುವ ಮೇಡಂಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಫೋನಿನಲ್ಲೇ ಆ ವಿಡಿಯೊ ನೋಡಿ ತಲೆಯಾಡಿಸಿದರು. "ಇನ್ನು ಇದಕ್ಕೆ ಪೇಟೆಂಟ್ ಕಷ್ಟ. ನೋಟ್‌ಬುಕ್ಕಿನ ಬರಹ, ಚಿತ್ರ ಮಾತ್ರ ಇವತ್ತಿಗೂ ನಿಮ್ಮಕ್ಕಂದೇ. ಜೋಪಾನವಾಗಿ ವಾಪಸ್ ಕೊಡಿ," ಎಂದರು.

ಕೊಡುವುದಕ್ಕೆ ಧೈರ್ಯ ಮಾಡುವ ಮೊದಲೇ ಅಕ್ಕನ ಫೋನು ಬಂತು.

"ವಿಡಿಯೊ ನೋಡ್ದೆ. ಅಂಗಿ ಚೆನ್ನಾಗೈತೆ ಕಣ್ಲಾ. ನಾನು ಕೊಡ್ಸಿದ್ದಲ್ವಾ?"

ಇಷ್ಟೇ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ವರ್ಷ ಗಂಟು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ದೊಡ್ಡೇರಿ ಕಡೆಯವರು ಯಾರೇ ಅಂಗಡಿಗೆ ಬಂದರೂ ಮೊದಲು ಅವರ ಕೈ ನೋಡುತ್ತಿದ್ದೆ. ಮಂಡಿಯಲ್ಲಿ ಕಾಯಿ ರಾಶಿಯ ಮುಂದೆ ಕೂತು ಮೂರು ಬೀಜದ ಕಾಯಿ ನಾನೇ ಆರಿಸಿದೆ. ಜೇಬಿನಲ್ಲಿ ಮುಗ್ಗಿ ಹೋದವು, ತಿನ್ನಲಾಗಲಿಲ್ಲ.

ಈ ಸಲ ಬಿತ್ತನೆಗೆ ಮುಂಚೆ ನೋಟ್‌ಬುಕ್ ಹಿಡಿದು ಹೋದೆ. ಅಕ್ಕನ ಅಂಗಳದಲ್ಲಿ ಏಳೆಂಟು ಹೆಂಗಸರು ಹಲಗೆ ಉಜ್ಜುತ್ತಿದ್ದರು.

"ಬಂದ್ರು ನೋಡಮ್ಮಾ ಇಂಜಿನಿಯರು!" ಎಂದಳು ಪಕ್ಕದ ಮನೆಯಾಕೆ. ಎಲ್ಲರೂ ನಕ್ಕರು. ಅಕ್ಕ ತಲೆ ಎತ್ತಲಿಲ್ಲ.

ಪಕ್ಕದ ಮನೆಯಾಕೆಯ ಕೈಗೇ ನನ್ನ ಫೋನು ಕೊಟ್ಟೆ. "ವಿಡಿಯೊ ಮಾಡಮ್ಮ," ಎಂದೆ. ನೋಟ್‌ಬುಕ್ಕನ್ನು ಅಕ್ಕನ ಮಂಡಿಯ ಹತ್ತಿರ ಇಟ್ಟು ಎದುರಿಗೆ ಕೂತೆ.

"ಈ ಹಲಗೆ ಮಾಡಿದ್ದು ನಾನಲ್ಲ, ನಮ್ಮಕ್ಕ. ಮಂಡೀಲಿ ನಾನು ಹೇಳಿದ್ದು ಸುಳ್ಳು. ತಪ್ಪಾಯ್ತು ಕಣಕ್ಕ. ನಿಂದನ್ನ ನಂದು ಅಂದ್ಬುಟ್ಟೆ."