ಕಾಣದ ಧೂಳು ತೊಳೆಯುವ ಕಂಠೆಪ್ಪ

ಗೋವಾದ ವಾಸ್ಕೋದಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಪಾವ್ ಮಾರುವವನ ಸೈಕಲ್ ಹಾರ್ನ್ ಆಸ್ಪತ್ರೆಯ ಹಿಂಬದಿಗೆ ಕೇಳಿಸುವಷ್ಟರಲ್ಲಿ ಕಂಠೆಪ್ಪ ಮೂಲೆಯ ಖೋಲಿಯ ಬೀಗ ತೆಗೆದು ನಲ್ಲಿ ಬಿಟ್ಟಿರುತ್ತಾರೆ. ತುಕ್ಕುನೀರು ಹೋಗಿ ತಿಳಿಯಾಗುವತನಕ ಕಾಯುತ್ತಾರೆ. ಸಾಬೂನು, ಮೆತ್ತನೆ ಬಟ್ಟೆ, ಕೈಗವಸು, ಪ್ಲಾಸ್ಟಿಕ್ ಚೀಲ ಎಲ್ಲ ನೋಡಿ, ವಿಕಿರಣ ಅಳೆಯುವ ಮೀಟರಿಗೆ ಕಿವಿಗೊಡುತ್ತಾರೆ. ಅಲ್ಲೊಂದು ಇಲ್ಲೊಂದು ಟಿಕ್. “ಹಾಂ, ಜೀವಾ ಐತಿ” ಎಂದು ಅದನ್ನು ಕಪಾಟಿನಲ್ಲಿಟ್ಟು ವಾರ್ಡಿನ ಕೆಲಸಕ್ಕೆ ಹೊರಡುತ್ತಾರೆ.

ಸವದತ್ತಿ ಕಡೆಯವರು. ಬಂದರಿನಲ್ಲಿ ಮೂಟೆ ಹೊತ್ತು ಸೊಂಟ ಹಿಡಿದ ಮೇಲೆ ವಾರ್ಡ್‌ಬಾಯ್ ಆದರು. ಊರಂಚಿನ ಬಾಯ್ನಾದಲ್ಲಿ ತಗಡಿನ ಮನೆ. ಚೆರ್ನೋಬಿಲ್ ಅಣುಸ್ಥಾವರ ದುರಂತದ ಸುದ್ದಿ ಬಂದ ಮೇಲೆ ಆಸ್ಪತ್ರೆ ಈ ಖೋಲಿ ಮಾಡಿತು. ವಿಕಿರಣದ ಧೂಳು ಮೆತ್ತಿದವರ ಮೈ ತೊಳೆಯಲು ಯಾರು ಬರುತ್ತೀರಿ ಎಂದಾಗ ಎಲ್ಲರೂ ನೆಲ ನೋಡಿದರಂತೆ. ಅಂಜುತ್ತಲೇ ಕೈ ಎತ್ತಿದವರು ಇವರೊಬ್ಬರೇ.

“ನಮ್ಮ ಕಡೆ ಜಳಕಾ ಅಂದ್ರ ಸುಡುಸುಡು ನೀರು, ಮೈ ಕೆಂಪಗಾಗೂವಂಗ ತಿಕ್ಕೂದು. ಇಲ್ಲಿ ಹಂಗ ಮಾಡಿದ್ರ ಚರ್ಮಾ ಕೆತ್ತಿ ಧೂಳು ಒಳಗ ಹೊಕ್ಕತೈತಿ. ಕೂಸಿಗೆ ಎರದಂಗ ಎರೀಬೇಕ್ರಿ” ಎನ್ನುತ್ತಾರೆ. ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ ಮಾರಿಯನ್ನು ಬರೀ ಸಾಬೂನು-ನೀರಿನಿಂದ ಓಡಿಸುವುದೆಂದರೆ, ಅಬ್ಬಾ, ಎಂಥ ಎದೆಗಾರಿಕೆ!

ವರ್ಷಗಟ್ಟಲೆ ಬರೀ ತಾಲೀಮೇ ನಡೆಯಿತು. ಹೋದ ವರ್ಷ ಖರೇ ಪರೀಕ್ಷೆ ಬಂತು. ಹತ್ತಿರದ ಸಾಂಕೋಲೆಯ ಕಾರ್ಖಾನೆಯೊಂದರಲ್ಲಿ ಹಳೇ ಅಳತೆಯಂತ್ರ ಒಡೆಯುವಾಗ ಒಳಗಿದ್ದ ವಿಕಿರಣದ ಪುಡಿ ದೇವಲಪ್ಪ ಎಂಬ ಕೂಲಿಯ ಮೈಮೇಲೆ ಚೆಲ್ಲಿತು. ಕರೆತಂದ ಟೆಂಪೋದವನು ಅವನನ್ನು ಅಂಗಳದಲ್ಲಿಳಿಸಿ ದೂರ ಓಡಿದ.

“ಮುಟ್ಟಬ್ಯಾಡ್ರೀ ಯಣ್ಣಾ, ನೀವೂ ಸಾಯ್ತೀರಿ!” ದೇವಲಪ್ಪ ಅಳುತ್ತಿದ್ದ.

“ಸುಮ್ನಿರೋ ತಮ್ಮಾ. ಸಾಯಾಕಲ್ಲ, ತೊಳ್ಯಾಕ ಬಂದೀನಿ.”

ಬಟ್ಟೆ ಚೀಲಕ್ಕೆ ಹೋದವು. ತಲೆ, ಕೈ, ಬೆನ್ನು ತೊಳೆದಂತೆ ಮೀಟರಿನ ಸದ್ದು ಇಳಿಯಿತು. ಸೊಂಟದ ಹತ್ತಿರ ಮಾತ್ರ ಎಷ್ಟು ತೊಳೆದರೂ ಅದರ ಚಟಪಟ ನಿಲ್ಲಲೊಲ್ಲದು. ಬೆವರು ಕುಡಿದ ಉಡದಾರದಲ್ಲಿ ಪುಡಿ ಹೊಕ್ಕು ಕೂತಿತ್ತು. ಕತ್ತರಿಸಿ ಎಂದರು ಬಾಗಿಲಲ್ಲಿ ನಿಂತ ಲೇಡಿ ಡಾಕ್ಟರು, ಎಲ್ಲರ ಬಾಯಲ್ಲಿ ‘ಡಾಕ್ಟರ್ ಬಾಯಿ’.

ಕತ್ತರಿ ಕಂಡದ್ದೇ ದೇವಲಪ್ಪ ಎರಡೂ ಕೈಯಿಂದ ದಾರ ಬಿಗಿಹಿಡಿದ. ಅವನ ಊರಲ್ಲಿ ಗಂಡಸಿನ ಸೊಂಟ ಬರಿದಾಗುವುದು ಸತ್ತ ಮೇಲಷ್ಟೇ. “ಉಡದಾರ ಹರದು ಜೀವಂತ ಹೆಣಾ ಮಾಡಬ್ಯಾಡ್ರೀ!” ಎಂದು ಒದ್ದೆ ಮೈಯಲ್ಲೇ ಬಾಗಿಲಿನತ್ತ ನುಗ್ಗಿದ. ಹಾಗೇ ಹೋದರೆ ಆ ವಿಷ ಅವನನ್ನು ಸುಡುವುದಲ್ಲದೆ ಮನೆಯ ಮಕ್ಕಳಿಗೂ ತಗಲುತ್ತಿತ್ತು.

ಕಂಠೆಪ್ಪ ಕತ್ತರಿ ಕೆಳಗಿಟ್ಟರು. ಅವರ ಸೊಂಟದಲ್ಲೂ ಅದೇ ದಾರವಿದೆಯಲ್ಲ! ಹೊಸದು ಕಟ್ಟಿಕೊಂಡ ಮೇಲೆಯೇ ಹಳೆಯದು ಬಿಚ್ಚುವುದು ರೂಢಿ. ಒಂದು ಕರೀ ದಾರ ಬೇಕೆಂದು ಡಾಕ್ಟರಿಗೆ ಕೊಂಕಣಿಯಲ್ಲಿ ಕೂಗಿ ಹೇಳಿದರು. ಡಾಕ್ಟರ್ ಬಾಯಿ ಓಡಿಹೋಗಿ ಗಾಯ ಹೊಲಿಯುವ ಕರೀ ರೇಶ್ಮೆ ದಾರ ತಂದುಕೊಟ್ಟರು.

“ನೋಡಪಾ, ರೇಶ್ಮಿ ಉಡದಾರ! ನಿನ್ನ ಮದುವ್ಯಾಗರ ಕಟ್ಟಿದ್ರೇನ?” ಎಂದು ನಗಿಸುತ್ತಲೇ ಎಳೆ ಹೊಸೆದು ಕಟ್ಟಿದರು ಕಂಠೆಪ್ಪ. ದೇವಲಪ್ಪ ಕಣ್ಣು ಮುಚ್ಚಿ ಕೈ ಸಡಿಲಿಸಿದ. ಹಳೇದು ಹರಿದು ಚೀಲಕ್ಕೆ ಬಿತ್ತು. ಇನ್ನೊಮ್ಮೆ ನೀರೆರೆದು ಮೀಟರ್ ಹಿಡಿದರೆ, ಟಿಕ್... ಆಮೇಲೆ ಬಹಳ ಹೊತ್ತಿಗೆ ಇನ್ನೊಂದು ಟಿಕ್. ಡಾಕ್ಟರ್ ಬಾಯಿ ಗೋಡೆಗೊರಗಿ ಅತ್ತೇಬಿಟ್ಟರಂತೆ.

ದೇವಲಪ್ಪ ಈಗ ರಕ್ತಪರೀಕ್ಷೆಗೆಂದು ಬಂದಾಗಲೆಲ್ಲ ಕಂಠೆಪ್ಪನವರನ್ನು ಕಂಡೇ ಹೋಗುತ್ತಾನೆ. ಖೋಲಿಯ ಸಾಮಾನಿನಲ್ಲಿ ಕರೀ ದಾರದ ಉಂಡೆ ಸೇರಿದೆ. ಮುತ್ತೈದೆಯರ ತಾಳಿ ತೆಗೆಯಬೇಕಾಗಿ ಬಂದರೆ ಇರಲಿ ಎಂದು ಅರಿಶಿನದ ದಾರವೂ ಇದೆ.

ಏನಾದರೂ ಆಸೆ ಇದೆಯೇ ಎಂದರೆ ಕಂಠೆಪ್ಪ ಕೈ ಒರೆಸಿಕೊಳ್ಳುತ್ತಾರೆ. “ಈ ಖೋಲಿಗೆ ಯಾರೂ ಬರೂದು ಬ್ಯಾಡ್ರಿ, ಅಷ್ಟ ಸಾಕು.” ಕಪಾಟಿನ ಬಾಗಿಲು ಹಾಕುತ್ತ ಮತ್ತೆ ಹೇಳುತ್ತಾರೆ: “ಹೆಣಕ್ಕ ನೀರ ಹಾಕಾಕ ಊರ ಮಂದಿನ ಬರ್ತೈತ್ರಿ. ಆವತ್ತ ಜೀವಾ ಇದ್ದಾವನ್ನ ಯಾರೂ ಮುಟ್ಟಲಿಲ್ಲ. ನಾ ಮುಟ್ಟಿದೆ.”