ನೆಂಟರ ವೇಷದಲ್ಲಿ ಬಂದ ಮೆಕ್ಯಾನಿಕ್

ರಾಜಾಜಿನಗರದ ಸಿಗ್ನಲ್ ದಾಟುವಾಗ ನಾನು ಓಡಿಸುತ್ತಿದ್ದ ಕಾರು ನಡುರಸ್ತೆಯಲ್ಲೇ ಆಫ್ ಆಯಿತು. ಹಿಂದಿನಿಂದ ಬಸ್ಸು ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. ಪಕ್ಕದಲ್ಲಿ ರೇಷ್ಮೆ ಪಂಚೆಯುಟ್ಟು ಕೂತಿದ್ದ ಮುನಿರಾಜಣ್ಣ ಮಾತ್ರ ಖುಷಿಯಿಂದ ಚಪ್ಪಾಳೆ ತಟ್ಟಿಬಿಟ್ಟರು.

ಅವರು ನಾಯಂಡಹಳ್ಳಿಯ ಮೆಕ್ಯಾನಿಕ್. ಹೀಗೆ ಆಗಾಗ ನಿಲ್ಲುತ್ತಿದ್ದ ಕಾರನ್ನು ಮೂರು ಸಲ ಅವರ ಗ್ಯಾರೇಜಿಗೆ ಒಯ್ದಿದ್ದೆ. ಅಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಕೊನೆಗೆ ಅವರೇ, "ನನ್ನ ಕಂಡ್ರೆ ಇದು ನಾಟಕ ಆಡುತ್ತೆ ಮೇಡಂ. ನೆಂಟರ ಥರ ಬರ್ತೀನಿ, ಗಾಡಿ ಒಳಗೆ ನನ್ನ ಮೆಕ್ಯಾನಿಕ್ ಅನ್ಬೇಡಿ" ಎಂದಿದ್ದರು. ಬಸವೇಶ್ವರನಗರದಿಂದ ಹೊರಟಾಗಿನಿಂದ ನಾನು ಅವರನ್ನು "ಮಾವ" ಎಂದೇ ಕರೆಯುತ್ತ, ನಡೆಯದೇ ಇದ್ದ ಮದುವೆಯೊಂದರ ಊಟವನ್ನು ಹೊಗಳುತ್ತಿದ್ದೆ.

ಮಾವ ನೆಂಟರಂತೆ ತಂದಿದ್ದ ಹಣ್ಣಿನ ಚೀಲದಿಂದ ಕರೆಂಟು ಪರೀಕ್ಷಿಸುವ ಮೀಟರ್ ತೆಗೆದರು, ಪಂಚೆ ಎತ್ತಿ ಕಟ್ಟಿಕೊಂಡು ಬಾನೆಟ್ ತೆರೆದರು. ಎಂಜಿನ್ ಸೆನ್ಸರಿನ ವೈರೊಂದು ಒಳಗೊಳಗೇ ತುಂಡಾಗಿ, ಬಿಸಿಯಾದಾಗ ಒಮ್ಮೊಮ್ಮೆ ಕನೆಕ್ಷನ್ ತಪ್ಪುತ್ತಿತ್ತಂತೆ. "ಸಿಕ್ಕಿಬಿತ್ತು ನೋಡಿ ಕಳ್ಳಮುಂಡೇದು!" ಎಂದರು.

ವೈರ್ ಬದಲಾದ ಮೇಲೆ ಕಾರು ಎಂದೂ ನಿಂತಿಲ್ಲ. ಆದರೂ ರಿಪೇರಿಯ ಮಾತು ಬಂದರೆ ನಾನು ಮೊದಲು ಕೆಳಗಿಳಿದು, ಕಾರಿನ ಬಾಗಿಲು ಹಾಕಿ, ನಾಲ್ಕು ಹೆಜ್ಜೆ ದೂರ ಹೋಗಿ ಮಾತಾಡುತ್ತೇನೆ. ಹೈಸ್ಕೂಲಿನಲ್ಲಿ ನಾನು ಕಲಿಸುವುದು ವಿಜ್ಞಾನ.